ಮೈಯೊಳಗಿಂದ ಕಂಡ ಗೋಡೆ

ಸತ್ತವರನ್ನು ಆಕಾಶದಲ್ಲಿ ತೇಲಿಸುವುದು ನನ್ನ ಕೆಲಸಗಳಲ್ಲಿ ಒಂದು. ಹುಣಸೂರಿನ ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ನಮ್ಮದೊಂದು ಸ್ಟುಡಿಯೋ ಇದೆ. ನನ್ನ ಗಂಡ ವಸಂತ್ ಕ್ಯಾಮೆರಾ ಹೊತ್ತು ಮದುವೆ, ಗೃಹಪ್ರವೇಶ, ನಾಮಕರಣ ಅಂತ ತಾಲ್ಲೂಕು ತಿರುಗುತ್ತಾರೆ. ನಾನು ಅಂಗಡಿಯಲ್ಲಿ ಕೂತು ಎಡಿಟಿಂಗ್ ಮಾಡುತ್ತೇನೆ. ಮದುಮಗನ ತಂದೆ ತೀರಿಕೊಂಡಿದ್ದರೆ, ಧಾರೆ ಎರೆಯುವ ಹೊತ್ತಿಗೆ ಅವರ ಫೋಟೋವನ್ನು ಮೋಡದ ನಡುವೆ ಇಟ್ಟು, ಮೈಯನ್ನು ಅರ್ಧ ತೆಳುವಾಗಿಸಿ, ಎದೆಯ ಆಚೆಗೆ ಚಪ್ಪರ ಕಾಣುವ ಹಾಗೆ ಮಾಡಿ, ಮೇಲಿಂದ ಹೂ ಉದುರಿಸಬೇಕು. ಯಾವ ಪುಣ್ಯಾತ್ಮ ಇದನ್ನು ಶುರು ಮಾಡಿದನೋ ಗೊತ್ತಿಲ್ಲ, ಈಗ ಅದಿಲ್ಲದೆ ಮದುವೆ ವಿಡಿಯೋ ಯಾರಿಗೂ ಒಪ್ಪಿಗೆಯಾಗುವುದಿಲ್ಲ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಯಾವ ಮನೆಯ ಟಿ.ವಿ. ಮುಂದೆ ಕೂತರೂ ಅಷ್ಟೇ. ಮೈಯೊಳಗಿಂದ ಹಿಂದಿನದು ಕಾಣುವ ಮನುಷ್ಯ ಬಂದನೆಂದರೆ ಅವನು ಸತ್ತಿದ್ದಾನೆ ಅಂತ ಸಣ್ಣ ಮಕ್ಕಳಿಗೂ ಗೊತ್ತು. ನಮ್ಮಂಥ ಸ್ಟುಡಿಯೋದವರೇ ಜನಕ್ಕೆ ಕಲಿಸಿದ ಪಾಠ ಅದು. ಅದು ಒಂದು ದಿನ ನನ್ನ ಕುತ್ತಿಗೆಗೇ ಬರುತ್ತದೆಂದು ನಾನು ಎಣಿಸಿರಲಿಲ್ಲ.

ಕುಳ್ಳಮ್ಮನ ಮನೆಯವರು ನಮಗೆ ಹಳೆಯ ಗಿರಾಕಿಗಳು. ಗುರುಪುರದ ಹತ್ತಿರ, ಟಿಬೆಟಿನವರ ಕ್ಯಾಂಪಿನ ಪಕ್ಕದ ಹಳ್ಳಿ ಅವರದು. ಹೊಗೆಸೊಪ್ಪು, ಮುಸುಕಿನ ಜೋಳ, ಎರಡು ಹಸು. ಗಂಡ ನಿಂಗಯ್ಯ ತೀರಿಕೊಂಡು ಬಹಳ ವರ್ಷವಾಯಿತು. ಮಗ ಮಹೇಂದ್ರನ ಮದುವೆ ವಿಡಿಯೋ ಮಾಡಿದ್ದು ನಾವೇ, ಅದರಲ್ಲಿ ನಿಂಗಯ್ಯನನ್ನು ಮೋಡದ ಮೇಲೆ ಕೂರಿಸಿದ್ದೂ ನಾನೇ. ಮಗಳು ಪುಟ್ಟಿ ಮಹೇಂದ್ರನಿಗಿಂತ ದೊಡ್ಡವಳು, ಹೆಚ್ಚುಕಡಿಮೆ ನನ್ನ ವಾರಗೆಯವಳು. ಗಂಡನ ಮನೆ ಸರಿಬರದೆ ಯಾವಾಗಲೋ ತವರಿಗೆ ಬಂದು ತಾಯಿಯ ಜೊತೆ ದುಡಿಯುತ್ತಿದ್ದಾಳೆ. ಚಿಕ್ಕಂದಿನಲ್ಲಿ ಬಂದ ಒಂದು ಜ್ವರ ಅವಳ ಹೃದಯದ ವಾಲ್ವನ್ನು ಕೆಡಿಸಿಬಿಟ್ಟಿತ್ತು. ಈ ವರ್ಷ ಹೊಗೆಸೊಪ್ಪು ಮುರಿಯುವ ಕಾಲಕ್ಕೆ ನಾಲ್ಕು ಹೆಜ್ಜೆ ನಡೆದರೆ ಏದುಸಿರು, ಸಂಜೆಯಾದರೆ ಕಾಲು ಊತ. ಮೈಸೂರಿನ ಡಾಕ್ಟರು ವಾಲ್ವ್ ಬದಲಿಸಲೇಬೇಕು, ಇನ್ನು ತಡಮಾಡಿದರೆ ಉಳಿಯುವುದು ಕಷ್ಟ ಎಂದು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಹೆದರಿ ಹಿಂದೇಟು ಹಾಕುತ್ತಿದ್ದ ಪುಟ್ಟಿಯನ್ನು ಕುಳ್ಳಮ್ಮನೇ ಬೈದು, ಮುದ್ದು ಮಾಡಿ ಒಪ್ಪಿಸಿದ್ದರು. ಮುಂದಿನ ಸೋಮವಾರ ಆಸ್ಪತ್ರೆಗೆ ಸೇರಿಸುವುದೆಂದು ನಿಶ್ಚಯವಾಗಿತ್ತು.

ಅದಕ್ಕೆ ನಾಲ್ಕೈದು ದಿನ ಮೊದಲು ಮಹೇಂದ್ರ ಒಂದು ಪೆನ್ ಡ್ರೈವ್ ಹಿಡಿದುಕೊಂಡು ಅಂಗಡಿಗೆ ಬಂದ.

"ವಾಣಿಸ್ರೀ ಅಕ್ಕ, ಇದ್ರಲ್ಲಿ ನಮ್ಮಪ್ಪ ಅವ್ರಂತೆ. ನಮ್ಮಜ್ಜಿನೂ ಅವ್ಳಂತೆ. ಓಪನ್ ಮಾಡುದ್ರೆ ಬರೀ ಫೋಟೋನೇ ಬತ್ತವೆ, ಸಾವ್ರಾರು. ಟಿ.ವಿ.ಲಿ ನೋಡಂಗೆ ಮಾಡ್ಕೊಡಿ."

ವಿಷಯ ಇಷ್ಟು. ಬಹಳ ಹಿಂದೆ ಕ್ಯಾಂಪಿನ ಆಸ್ಪತ್ರೆಯಲ್ಲಿ ಕೆಲಸ ಮಾಡಲು ಹೊರದೇಶದಿಂದ ಒಬ್ಬ ನರ್ಸ್ ಬಂದಿದ್ದಳಂತೆ. ಕುಳ್ಳಮ್ಮನ ಮನೆಯಿಂದಲೇ ಹಾಲು ಕೊಳ್ಳುತ್ತಿದ್ದಳು. ಊರಿಗೆ ಹಿಂದಿರುಗುವ ಮುಂಚೆ ಒಂದು ಸಣ್ಣ ಸಿನಿಮಾ ಕ್ಯಾಮೆರಾದಲ್ಲಿ ಇವರ ಅಂಗಳವನ್ನು ಚಿತ್ರ ತೆಗೆದಿದ್ದಳು. ಈಗ ಆಕೆ ತೀರಿಕೊಂಡಿದ್ದಾಳೆ. ಆಕೆಯ ಮಗಳು ಅಟ್ಟದಲ್ಲಿ ಸಿಕ್ಕ ಆ ಪುಟ್ಟ ರೀಲನ್ನು ಯಾವುದೋ ಲ್ಯಾಬಿನಲ್ಲಿ ಸ್ಕ್ಯಾನ್ ಮಾಡಿಸಿ, ಅದರ ಒಂದೊಂದು ಚಿತ್ರವನ್ನೂ ಪೆನ್ ಡ್ರೈವಿಗೆ ತುಂಬಿಸಿ ಕ್ಯಾಂಪಿನವರ ಕೈಯಲ್ಲಿ ಕಳಿಸಿಕೊಟ್ಟಿದ್ದಳು.

ನಾನು ಮಾಡಿದ ಕೆಲಸವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಸಿನಿಮಾ ರೀಲು ಅಂದರೆ ಸಾಲಾಗಿ ಅಂಟಿಕೊಂಡ ಫೋಟೋಗಳು, ಬೇರೇನೂ ಅಲ್ಲ. ಆ ನರ್ಸಮ್ಮನ ಕ್ಯಾಮೆರಾ ಒಂದು ಸೆಕೆಂಡಿಗೆ ಹದಿನೆಂಟು ಫೋಟೋ ತೆಗೆಯುವಂಥದ್ದು. ನಮ್ಮ ಮದುವೆ ವಿಡಿಯೋಗೆ ಸೆಕೆಂಡಿಗೆ ಇಪ್ಪತ್ತೈದು ಬೇಕು. ನಮ್ಮ ಕಸುಬಿನಲ್ಲಿ ಎಲ್ಲದಕ್ಕೂ ಅದೇ ಒಂದು ಸೆಟ್ಟಿಂಗ್. ಗಿರಾಕಿ ಏನು ತಂದರೂ ಅದರೊಳಗೆ ಸುರಿಯುವುದು, ಕಂಪ್ಯೂಟರು ಬೇಯಿಸಿಕೊಡುತ್ತದೆ, ಅಷ್ಟರಲ್ಲಿ ನಾವು ಊಟ ಮಾಡಿಕೊಂಡು ಬರುತ್ತೇವೆ. ಕಡಿಮೆ ಬಿದ್ದ ಏಳು ಚಿತ್ರಗಳನ್ನು ಕಂಪ್ಯೂಟರು ತಾನೇ ತುಂಬಿಸುತ್ತದೆ. ಹೇಗೆಂದರೆ, ಒಂದು ಚಿತ್ರದ ಮೇಲೆ ಮುಂದಿನ ಚಿತ್ರವನ್ನು ಅರ್ಧರ್ಧ ಇಟ್ಟು, ಎರಡನ್ನೂ ಕಲಸಿ ಹೊಸದೊಂದು ಮಾಡುತ್ತದೆ. ಕೂತಲ್ಲೇ ಕೂತವರಿಗೆ ಇದರಿಂದ ಏನೂ ಆಗುವುದಿಲ್ಲ, ಕಲ್ಲಿನ ಮೇಲೆ ಅದೇ ಕಲ್ಲು ಬಿದ್ದ ಹಾಗೆ. ಓಡಾಡುವವರ ಪಾಡು ಮಾತ್ರ ಬೇರೆ. ಅವರು ಇಲ್ಲಿಯೂ ಅರ್ಧ, ಅಲ್ಲಿಯೂ ಅರ್ಧ. ಎರಡೂ ಕಡೆ ಮೈ ತೆಳುವಾಗಿ, ಹಿಂದಿನ ಗೋಡೆ ಕಾಣತೊಡಗುತ್ತದೆ.

ಇದೆಲ್ಲ ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅವತ್ತು ಕೈ ತುಂಬ ಕೆಲಸ. ಸುರಿದೆ, ಬೇಯಿಸಿದೆ, ಮೊದಲ ಕೆಲವು ಕ್ಷಣ ನೋಡಿ, ನಿಂಗಯ್ಯ ಚೆನ್ನಾಗಿ ಕಾಣುತ್ತಾನೆ ಅಂದುಕೊಂಡು ಮಹೇಂದ್ರನಿಗೆ ಕೊಟ್ಟು ಕಳಿಸಿದೆ.

ಮಾರನೆಯ ದಿನ ಮಧ್ಯಾಹ್ನ ಅವನ ಫೋನ್ ಬಂತು. ಹಿಂದೆ ಯಾರೋ ಅಳುತ್ತಿದ್ದರು.

"ಅಕ್ಕ, ಏನ್ ಮಾಡ್ಬುಟ್ರಿ? ಅವ್ವ ಆಸ್ಪತ್ರೆ ಬ್ಯಾಡ ಅಂತ ಕುಂತವ್ಳೆ. ಪುಟ್ಟಕ್ಕನ್ನ ಸತ್ತೋರಂಗೆ ತೋರ್ಸಿದೀರಲ್ಲ!"

ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಕೂಡಲೇ ಅಂಗಡಿಗೆ ಬೀಗ ಹಾಕಿ ಸ್ಕೂಟಿ ಹತ್ತಿದೆ.

ಕುಳ್ಳಮ್ಮನ ಮನೆ ಮುಂದೆ ಸೊಪ್ಪಿನ ಕೆಲಸ ಅರ್ಧಕ್ಕೇ ನಿಂತಿತ್ತು. ಮುರಿದು ತಂದ ಹಸಿ ಎಲೆ ರಾಶಿಯಾಗಿ ಬಾಡುತ್ತಿತ್ತು, ಒಣಗಿಸಲು ಕಡ್ಡಿಗೆ ಕಟ್ಟುವವರು ಯಾರೂ ಇರಲಿಲ್ಲ. ಪುಟ್ಟಿ ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ತುಟಿ ನೀಲಿಯಾಗಿತ್ತು. ನನ್ನನ್ನು ನೋಡಿ ನಕ್ಕಳು. ಆ ನಗುವಿನಲ್ಲಿ ಅವಳು ಎಷ್ಟು ಹೆದರಿದ್ದಾಳೆಂದು ನನಗೆ ತಿಳಿಯಿತು.

ಒಳಗೆ ಟಿ.ವಿ. ಹಚ್ಚಿಸಿ ನೋಡಿದೆ. ಅದೇ ಜಗಲಿ, ಅದೇ ಕಂಬ, ಆಗ ಮಣ್ಣಿನ ಗೋಡೆ. ನರ್ಸಮ್ಮ ಕ್ಯಾಮೆರಾ ಹಿಡಿದಾಗ ಮನೆಯವರೆಲ್ಲ ಅದನ್ನು ಫೋಟೋ ತೆಗೆಯುವ ಕ್ಯಾಮೆರಾ ಅಂದುಕೊಂಡಿದ್ದರು. ಅಲುಗಾಡಿದರೆ ಫೋಟೋ ಕೆಡುತ್ತದೆಂದು ಉಸಿರು ಬಿಗಿಹಿಡಿದು, ಕಣ್ಣು ಮಿಟುಕಿಸದೆ ಕೂತಿದ್ದಾರೆ. ನಿಂಗಯ್ಯ ಮೀಸೆ ತಿರುವಿಕೊಂಡು ಕೂತಿದ್ದಾನೆ. ಅವನ ತಾಯಿ ಕೈಗಳನ್ನು ಮೊಣಕಾಲ ಮೇಲೆ ಇಟ್ಟು ಕೂತಿದ್ದಾಳೆ. ಹರೆಯದ ಕುಳ್ಳಮ್ಮ ತಲೆಯ ಮೇಲೆ ಸೆರಗು ಹೊದ್ದು ನಿಂತಿದ್ದಾರೆ. ಅಂಗಳದಲ್ಲಿ ಓಡಾಡುತ್ತಿರುವುದು ಒಬ್ಬಳೇ, ಕೆಂಪು ಲಂಗದ ಪುಟ್ಟಿ. ಅವಳಿಗೆ ಸುಮ್ಮನೆ ಕೂರು ಅಂತ ಯಾರೂ ಹೇಳಿರಲಿಲ್ಲ, ಹೇಳಿದ್ದರೂ ಕೇಳುವ ವಯಸ್ಸಲ್ಲ.

ಸತ್ತವರೆಲ್ಲ ಕಲ್ಲಿನ ಹಾಗೆ ಗಟ್ಟಿಯಾಗಿ ಕಾಣುತ್ತಿದ್ದರು. ಬದುಕಿರುವ ಪುಟ್ಟಿಯ ಮೈಯೊಳಗಿಂದ ಮಾತ್ರ ಗೋಡೆ ಕಾಣುತ್ತಿತ್ತು. ಅವಳು ಅಪ್ಪನ ಮುಂದೆ ಹಾದುಹೋದಾಗ ಅವಳ ಹೊಟ್ಟೆಯ ನಡುವೆ ಅವನ ಮೀಸೆ ಕಂಡಿತು. ನಾನು ಕಣ್ಣು ಬೇರೆ ಕಡೆ ತಿರುಗಿಸಿದೆ. ಕಾರಣ ಗೊತ್ತಿದ್ದ ನನಗೇ ಹಾಗಾದರೆ, ಆ ತಾಯಿಗೆ ಏನಾಗಿರಬೇಡ.

ಕುಳ್ಳಮ್ಮ ಒಲೆಯ ಮುಂದೆ ಕೂತಿದ್ದರು. ಒಲೆ ಉರಿಯುತ್ತಿರಲಿಲ್ಲ.

"ಅವ್ವಾ, ಅದು ಏನೂ ಅಲ್ಲ. ನನ್ನ ತಪ್ಪು. ಚಿತ್ರ ಕಡಿಮೆ ಬಿದ್ದಿದ್ದಕ್ಕೆ ಕಂಪ್ಯೂಟರು ಎರಡು ಚಿತ್ರ ಸೇರಿಸಿ ಒಂದು ಮಾಡಿದೆ, ಅಷ್ಟೇ."

"ಅವ್ಳನ್ನೇ ಯಾಕವ್ವ ಅಂಗ್ ಮಾಡ್ತು?"

"ಅವಳೊಬ್ಬಳೇ ಓಡಾಡ್ತಿದ್ದಳು, ಅದಕ್ಕೆ."

"ಮಯೇಂದ್ರನ ಮದ್ವೇಲಿ ಅವ್ರಪ್ಪ ಬಂದ್ನಲ್ಲ ಮೋಡದ್ ಮ್ಯಾಲೆ, ಅವ್ನ್ ಮೈಯೊಳ್ಗೂ ಇಂಗೇ ಕಾಣ್ತಿತ್ತು. ನೀನೇ ಮಾಡಿದ್ದು. ಆಗ ಸತ್ತೋಗಿದ್ದ ಅಂತ ಮಾಡ್ದೆ. ಈಗ್ಲೂ ನಿನ್ ಕೈಲೇ ಬಂದದೆ. ನಿಂಗೆ ಗೊತ್ತಾಗ್ದಂಗೆ ಬಂದದೆ ಅಂದ್ರೆ, ಮಾಡ್ಸಿದ್ದು ಬ್ಯಾರೆ ಯಾರೋ ಅಲ್ವಾ?"

ಕುಳ್ಳಮ್ಮನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿತು. ಹೊರಗೆ ಪುಟ್ಟಿ ಕೆಮ್ಮುತ್ತಿದ್ದಳು, ಒಂದೊಂದು ಕೆಮ್ಮಿಗೂ ತಾಯಿಯ ಭುಜ ಅಲುಗುತ್ತಿತ್ತು. ನಾನು ಹೊರಡುವಾಗ ಪುಟ್ಟಿ ನನ್ನ ಕೈ ಹಿಡಿದು, "ಅವ್ವ ಒಪ್ದೆ ನಾ ಓಗಾಕಿಲ್ಲ ಕಣಕ್ಕ. ಅಲ್ಲಿ ಅವ್ಳಿಲ್ದೆ ಮಲೀಕಂಡ್ರೆ ಭಯಕ್ಕೇ ಸತ್ತೋಯ್ತೀನಿ" ಅಂದಳು.

ಸರಿಮಾಡಿಬಿಡುತ್ತೇನೆ ಅಂದುಕೊಂಡು ಅಂಗಡಿಗೆ ಬಂದೆ. ನಮ್ಮ ಸಾಫ್ಟ್‌ವೇರಿನಲ್ಲಿ ಇನ್ನೊಂದು ಉಪಾಯ ಇದೆ. ಎರಡು ಚಿತ್ರವನ್ನು ಕಲಸುವ ಬದಲು, ಕೈಕಾಲು ಎಲ್ಲಿಂದ ಎಲ್ಲಿಗೆ ಹೋಯಿತೆಂದು ಲೆಕ್ಕ ಹಾಕಿ, ನಡುವೆ ಎಲ್ಲಿರಬಹುದಿತ್ತೋ ಅಲ್ಲಿಗೆ ಹೊಸ ಚಿತ್ರ ಬರೆದುಕೊಡುತ್ತದೆ. ಮೈ ತೆಳುವಾಗುವುದಿಲ್ಲ, ಓಟ ನೀರು ಹರಿದ ಹಾಗೆ ಇರುತ್ತದೆ. ಕ್ರಿಕೆಟ್ ಆಟದ ತುಣುಕುಗಳಿಗೆ ಹಾಕಿ ಮೆಚ್ಚುಗೆ ಪಡೆದಿದ್ದೆ. ಅವಸರದಲ್ಲಿ ಅದನ್ನು ಒತ್ತಿದೆ. ಮುಗಿದ ಮೇಲೆ ಶುರುವಿನಿಂದ ನೋಡಿದೆ, ಪುಟ್ಟಿ ಗಟ್ಟಿಯಾಗಿ ಓಡುತ್ತಿದ್ದಳು, ಗೋಡೆ ಕಾಣುತ್ತಿರಲಿಲ್ಲ. ಮಹೇಂದ್ರ ಬಾಗಿಲಲ್ಲೇ ಕಾಯುತ್ತಿದ್ದ. ಕೊನೆಯವರೆಗೆ ನೋಡುವ ತಾಳ್ಮೆ ಇಬ್ಬರಿಗೂ ಇರಲಿಲ್ಲ. ಇಂಥ ಹೊತ್ತಿನಲ್ಲೂ ಅದನ್ನು ಪೂರ್ತಿ ನೋಡದೆ ಕೊಟ್ಟ ನನ್ನ ಬುದ್ಧಿಗೆ ಮಣ್ಣು ಹಾಕಬೇಕು.

ಅವನು ಹೋದ ಮೇಲೆ ಉಳಿದದ್ದನ್ನು ನೋಡಿದೆ. ಪುಟ್ಟಿ ಓಡುತ್ತಾ ಓಡುತ್ತಾ ಜಗಲಿಯ ಕಂಬದ ಹಿಂದೆ ಹೋಗುತ್ತಾಳೆ. ಕಂಬದ ಹಿಂದೆ ಏನಿತ್ತೆಂದು ಕಂಪ್ಯೂಟರಿಗೆ ಹೇಗೆ ಗೊತ್ತಾಗಬೇಕು? ಅದು ಕಂಬವನ್ನೂ ಕಾಲನ್ನೂ ಒಂದೇ ಅಂದುಕೊಂಡು ಎಳೆದಿತ್ತು. ಲಂಗದ ಕೆಳಗೆ ಕಾಲು ಕರಗಿ, ಕಂಬಕ್ಕೆ ಅಂಟಿ, ಹಿಂದುಮುಂದಾಗಿ ತಿರುಗಿ, ಮತ್ತೆ ಮೈ ಸೇರುತ್ತಿತ್ತು. ಒಂದು ಕ್ಷಣ ಪುಟ್ಟಿ ಕಾಲಿಲ್ಲದೆ ನೆಲದಿಂದ ಮೇಲೆ ತೇಲಿದಳು. ಹಾಡಹಗಲು, ಹೊರಗೆ ಬಸ್ಸುಗಳ ಹಾರ್ನು, ಎದುರಿನ ಅಂಗಡಿಯವರ ಜಗಳ. ಆದರೂ ನಾನು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತೆ. ಮಹೇಂದ್ರನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮತ್ತೆ ಮಾಡಿದೆ. ಅವನು ಎತ್ತುವ ಹೊತ್ತಿಗೆ ಟಿ.ವಿ. ಹಚ್ಚಿ ಆಗಿತ್ತು.

"ಮೊದ್ಲು ಮೈ ಓಯ್ತು, ಈಗ ಕಾಲೂ ಓಯ್ತು ಅಂತಾವ್ಳೆ ಅವ್ವ," ಅಂದ ಮಹೇಂದ್ರ. "ದೇವ್ರ ಮನೆ ಬಾಗ್ಲು ಆಕ್ಕಂಡು ಕುಂತವ್ಳೆ. ಪುಟ್ಟಕ್ಕ ಕಣ್ ಮುಚ್ಚಕ್ಕೇ ಎದುರ್ತಾವ್ಳೆ. ನೀವು ಇನ್ನೇನೂ ಮಾಡ್ಬ್ಯಾಡಿ ಅಕ್ಕ, ಕೈ ಮುಗೀತೀನಿ."

ಸೋಮವಾರಕ್ಕೆ ನಡುವೆ ಇನ್ನು ಎರಡೇ ದಿನ ಉಳಿದಿತ್ತು. ಆ ದಿನ ತಪ್ಪಿದರೆ ಮತ್ತೆ ಯಾವಾಗ ಸಿಗುತ್ತದೋ ಹೇಳಲಾಗದು ಅಂತ ಆಸ್ಪತ್ರೆಯವರು ಹೇಳಿದ್ದರಂತೆ. ಪುಟ್ಟಿಯ ನೀಲಿ ತುಟಿ ನನ್ನ ಕಣ್ಣಿಂದ ಹೋಗುತ್ತಿರಲಿಲ್ಲ. ಅವಳು ಸತ್ತರೆ ಅವಳನ್ನು ಕೊಂದದ್ದು ನನ್ನ ಸೋಮಾರಿತನ, ಬೇರೆ ಯಾರೂ ಅಲ್ಲ.

ಮೂರನೆಯ ಸಲ ಕಂಪ್ಯೂಟರಿಗೆ ಏನನ್ನೂ ಬಿಡಲಿಲ್ಲ. ಕಲಸುವುದನ್ನು ಆಫ್ ಮಾಡಿದೆ, ಊಹೆ ಮಾಡುವುದನ್ನೂ ಆಫ್ ಮಾಡಿದೆ. ನರ್ಸಮ್ಮ ತೆಗೆದ ಒಂದೊಂದು ಚಿತ್ರವನ್ನೂ ಇಡಿಯಾಗಿಯೇ ಉಳಿಸಿ, ಕಡಿಮೆ ಬಿದ್ದ ಕಡೆ ಅದೇ ಚಿತ್ರವನ್ನು ಇನ್ನೊಮ್ಮೆ ಹಿಡಿದು ನಿಲ್ಲಿಸಿದೆ. ಓಟ ಸ್ವಲ್ಪ ಕುಂಟಿತು, ಹಳೆಯ ಟೂರಿಂಗ್ ಟಾಕೀಸಿನ ಸಿನಿಮಾದ ಹಾಗೆ ಜಗ್ಗಿತು. ಕುಂಟಲಿ ಬಿಡು ಅಂದುಕೊಂಡೆ. ಮೊದಲಿಂದ ಕೊನೆಯವರೆಗೆ ನೋಡಿದೆ, ಮತ್ತೆ ನೋಡಿದೆ. ಪುಟ್ಟಿ ಇಡಿಯಾಗಿದ್ದಳು, ಕಾಲು ಕಾಲಿನ ಜಾಗದಲ್ಲಿತ್ತು.

ಶನಿವಾರ ಬೆಳಿಗ್ಗೆ ನಾನೇ ಹೋಗಿ ಕುಳ್ಳಮ್ಮನನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಬಂದೆ. ಬರುವುದಿಲ್ಲ ಅಂದವರನ್ನು ಪುಟ್ಟಿಯೇ ಒತ್ತಾಯ ಮಾಡಿ ಕಳಿಸಿದಳು. ಸ್ಟುಡಿಯೋದ ಕುರ್ಚಿಯ ತುದಿಯಲ್ಲಿ, ಯಾವಾಗ ಬೇಕಾದರೂ ಎದ್ದು ಹೋಗುವವರ ಹಾಗೆ ಕೂತರು. ವಿಡಿಯೋ ತೋರಿಸಿದೆ. ಕಣ್ಣು ಕಿರಿದು ಮಾಡಿ ನೋಡಿದರು.

"ತ್ಯಾಪೆ ಆಕಿದೀಯ."

"ಇಲ್ಲ ಅವ್ವಾ. ತೇಪೆ ಕಿತ್ತಿದೀನಿ. ಇದೇ ನಿಜವಾದದ್ದು."

ಒಂದೊಂದೇ ಚಿತ್ರವನ್ನು ನಿಲ್ಲಿಸಿ ತೋರಿಸಿದೆ. ಕೀ ಒತ್ತಿದರೆ ಪುಟ್ಟಿಯ ಒಂದು ಹೆಜ್ಜೆ. ಮತ್ತೆ ಒತ್ತಿದರೆ ಇನ್ನೊಂದು ಹೆಜ್ಜೆ. ಎಲ್ಲದರಲ್ಲೂ ಅವಳು ಗಟ್ಟಿಯಾಗಿಯೇ ಇದ್ದಳು. ಕುಳ್ಳಮ್ಮ ಬೆರಳಿನಿಂದ ಮಗಳ ಲಂಗವನ್ನು ಮುಟ್ಟಿದರು. ಸ್ಕ್ರೀನಿನ ಮೇಲೆ ಅವರ ಬೆವರಿನ ಗುರುತು ಉಳಿಯಿತು.

"ಇದ್ರಲ್ಲಿ ಸರ್ಯಾಗವ್ಳೆ, ಇದ್ರಲ್ಲೂ ಸರ್ಯಾಗವ್ಳೆ. ಮತ್ತೆ ಇವೆರಡ್ರ ಮಧ್ಯದಲ್ಲಿ ಬಂದೋಳು ಯಾರು?"

"ಮಧ್ಯದಲ್ಲಿ ಯಾರೂ ಇಲ್ಲ ಅವ್ವಾ. ಮೈ ತೆಳುವಾಗಿ ಕಂಡರೆ ಸಾವು ಅಂತ ಯಾರು ಹೇಳಿದ್ದು? ನಾವು ಹೊಟ್ಟೆಪಾಡಿಗೆ ಮಾಡೋ ಆಟ ಅದು. ಯಾರನ್ನ ಬೇಕಾದರೂ ಹಾಗೆ ಮಾಡಬಹುದು. ನೋಡಿ, ನನ್ನನ್ನೇ ಮಾಡಿ ತೋರಿಸ್ತೀನಿ."

ನನ್ನದೊಂದು ಫೋಟೋ ಎಳೆದು, ಮೋಡದ ಮೇಲೆ ಇಟ್ಟು, ಅರ್ಧ ಅಳಿಸಿದೆ. ಹೂವೂ ಉದುರಿಸಿದೆ. ನನ್ನ ಮುಖದ ಮೂಲಕ ನೀಲಿ ಆಕಾಶ ಕಂಡಿತು. ನನಗೆ ನಗು ಬಂತು, ಗೆದ್ದೆ ಅಂದುಕೊಂಡೆ.

ಕುಳ್ಳಮ್ಮ ನಗಲಿಲ್ಲ.

"ನಿನ್ ಜೀವ ನಿಂಗೆ ಅಗ್ಗ ಕಣವ್ವ. ನನ್ ಜೀವಾನೂ ನಂಗೆ ಅಗ್ಗನೇ. ನನ್ನ ಅಂಗ್ ತೋರ್ಸಿದ್ರೆ ನಾನೂ ನಗ್ತಿದ್ದೆ." ಗೋಡೆಯ ಮೇಲಿದ್ದ ಫೋಟೋ ಕಡೆಗೆ ಗಲ್ಲ ತಿರುಗಿಸಿದರು. "ಅದು ನಿನ್ ಮಗ್ಳಲ್ವಾ? ಅವ್ಳನ್ನ ಮಾಡು. ಏನೂ ಅಲ್ಲ ಅಂದ್ಯಲ್ಲ, ಮಾಡು ನೋಡನ."

ನನ್ನ ಮಗಳು ಶ್ಯಾಮಲಾ. ಮೈಸೂರಿನ ಕಾಲೇಜಿಗೆ ದಿನವೂ ಬಸ್ಸಿನಲ್ಲಿ ಹೋಗಿಬರುತ್ತಾಳೆ. ಹೋದ ವರ್ಷದ ಹುಟ್ಟುಹಬ್ಬದಲ್ಲಿ ಅಪ್ಪನೇ ತೆಗೆದ ಫೋಟೋ ಅದು. ಅದರ ಫೈಲು ಎಲ್ಲಿದೆಯೆಂದು ನನಗೆ ಗೊತ್ತು, ಒಂದು ಕ್ಲಿಕ್ಕಿನ ದೂರ. ಮೌಸಿನ ಬಾಣವನ್ನು ಅದರ ಮೇಲೆ ಒಯ್ದೆ. ನನ್ನ ಕೈ ಅಲ್ಲೇ ನಿಂತಿತು.

ಇಷ್ಟು ವರ್ಷದಲ್ಲಿ ಅದೆಷ್ಟು ಅಪ್ಪಂದಿರನ್ನು, ಅಜ್ಜಿಯರನ್ನು ಮೋಡ ಹತ್ತಿಸಿದ್ದೇನೋ ಲೆಕ್ಕ ಇಟ್ಟಿಲ್ಲ. ಒಮ್ಮೆ ಎಳೆಯ ಮಗುವನ್ನೂ ಹಾಗೆ ಕೂರಿಸಿ, ಆಮೇಲೆ ಮನೆಗೆ ಹೋಗಿ ಹೊಟ್ಟೆ ತುಂಬ ಉಂಡಿದ್ದೆ. ಈಗ ಬೆರಳು ಒತ್ತಲು ಬರಲಿಲ್ಲ. ಅದು ಸುಳ್ಳು, ಬರೀ ಬೆಳಕು, ನಾನೇ ಮಾಡುವ ಆಟ ಅಂತ ನನಗೆ ನಾನೇ ಹೇಳಿಕೊಂಡೆ.

"ನೋಡ್ದಾ," ಅಂದರು ಕುಳ್ಳಮ್ಮ. ಅವರ ಧ್ವನಿಯಲ್ಲಿ ಮರುಕವಿತ್ತು. "ನಿಂಗೂ ಗೊತ್ತು. ನಾ ಬತ್ತೀನಿ ಬುಡು." ಎದ್ದು ನಿಂತರು.

ಅವರು ಆ ಬಾಗಿಲು ದಾಟಿದರೆ ಪುಟ್ಟಿ ಆಸ್ಪತ್ರೆಗೆ ಹೋಗುವುದಿಲ್ಲ. ಆ ಒಂದು ಮಾತು ಬಿಟ್ಟು ನನ್ನ ತಲೆಯಲ್ಲಿ ಬೇರೇನೂ ಇರಲಿಲ್ಲ.

"ಕೂತ್ಕೊಳ್ಳಿ ಅವ್ವಾ," ಅಂದೆ.

ಮಗಳ ಫೋಟೋ ತೆಗೆದೆ. ಅವಳು ನಗುತ್ತಿದ್ದಳು, ಮೂಗಿನ ಮೇಲೆ ಕೇಕಿನ ಕ್ರೀಮು. ಮೋಡ ಹಾಕಿದೆ. ಅವಳ ಮೈಯನ್ನು ಸ್ವಲ್ಪ ಸ್ವಲ್ಪವೇ ಅಳಿಸುತ್ತಾ ಬಂದೆ, ಕೆನ್ನೆಯೊಳಗಿಂದ ಮೋಡ ಮೂಡಿತು. ಹೂ ಉದುರಿಸಿದೆ. ಸೇವ್ ಮಾಡಿ ಪ್ಲೇ ಒತ್ತಿದೆ. ಶ್ಯಾಮಲಾ ಆಕಾಶದಲ್ಲಿ ತೇಲಿದಳು. ಎತ್ತಿ ಆಡಿಸಿದ ಕೈಯಿಂದಲೇ ಇಂಥದ್ದನ್ನು ಮಾಡಿಬಿಟ್ಟೆನಲ್ಲ ಅಂತ ಜೋರಾಗಿ ಅತ್ತುಬಿಟ್ಟೆ. ಅಳುತ್ತಲೇ ಅಳಿಸುವ ಕೀಯ ಕಡೆಗೆ ಕೈ ಚಾಚಿದೆ.

ಕುಳ್ಳಮ್ಮ ನನ್ನ ಮುಂಗೈ ಹಿಡಿದುಕೊಂಡರು. ಸೊಪ್ಪಿನ ಅಂಟು ಹಿಡಿದ, ಗಟ್ಟಿ ಕೈ.

"ಅಳಿಸ್ಬ್ಯಾಡ."

"ಅವ್ವಾ..."

"ಒಬ್ಳೇ ಇದ್ರೆ ಯಮ ಸುಮ್ಕೆ ಕರ್ಕಂಡೋಯ್ತನೆ. ಇಬ್ರು ಮಕ್ಳೂ ಒಟ್ಗೆ ಕುಂತವ್ರೆ ಅಂದ್ರೆ ಅವ್ನೂ ವಸಿ ಯೋಚ್ನೆ ಮಾಡ್ತನೆ. ಸೋಮ್ವಾರ ಕರ್ಕಂಡೋಯ್ತೀನಿ ನನ್ ಮಗ್ಳ. ಅವ್ಳು ಆಪ್ರೇಸನ್ ಮುಗುಸ್ಕಂಡು ಕಣ್ ಬುಡಗಂಟ ನಿನ್ ಮಗ್ಳು ಇಲ್ಲೇ, ಇಂಗೇ ಇರ್ಲಿ. ಭಾಷೆ ಕೊಡು."

ನಾನು ವಿವರಿಸಿದ ಒಂದು ಮಾತನ್ನೂ ಅವರು ನಂಬಿರಲಿಲ್ಲ. ಅರ್ಧರ್ಧ ಚಿತ್ರ, ಹದಿನೆಂಟು, ಇಪ್ಪತ್ತೈದು, ಎಲ್ಲವೂ ಗಾಳಿಗೆ ಹೋಗಿತ್ತು. ಅವರಿಗೆ ಬೇಕಾಗಿದ್ದದ್ದು ತಮ್ಮಷ್ಟೇ ಹೆದರಿದ ಇನ್ನೊಬ್ಬ ತಾಯಿ. ನಾನು ಅವರ ಅಂಗೈ ಮೇಲೆ ಕೈಯಿಟ್ಟು ಭಾಷೆ ಕೊಟ್ಟೆ.

ಸೋಮವಾರ ಪುಟ್ಟಿ ಮೈಸೂರಿಗೆ ಹೋದಳು. ಆಪರೇಷನ್ ಬುಧವಾರ ಅಂತ ಮಹೇಂದ್ರ ತಿಳಿಸಿದ. ಆ ದಿನಗಳನ್ನು ನಾನು ಹೇಗೆ ಕಳೆದೆನೆಂದು ನನ್ನ ಗಂಡನಿಗೂ ಹೇಳಿಲ್ಲ. ಕಂಪ್ಯೂಟರಿನಲ್ಲಿ ಆ ತುಣುಕು ಇತ್ತು. ಬೇರೆ ಕೆಲಸ ಮಾಡುವಾಗಲೂ ಅದು ಅಲ್ಲಿದೆಯೆಂದು ಬೆನ್ನಿಗೆ ಗೊತ್ತಾಗುತ್ತಿತ್ತು. ಅಳಿಸಿದರೆ ಯಾರಿಗೆ ತಿಳಿಯುತ್ತದೆ? ಹಾಗಂತ ಎಷ್ಟೋ ಸಲ ಕೈ ಹೋಯಿತು. ಅದು ಏನೂ ಅಲ್ಲ ಅನ್ನುವುದಾದರೆ ಅಳಿಸುವ ಅಗತ್ಯವೇ ಇಲ್ಲ. ಅದರಲ್ಲಿ ಏನೋ ಇದೆ ಅನ್ನುವುದಾದರೆ, ಅಳಿಸಿದ ಕ್ಷಣ ಪುಟ್ಟಿಯನ್ನು ಒಬ್ಬಳನ್ನೇ ಅಲ್ಲಿ ಬಿಟ್ಟ ಹಾಗಾಗುತ್ತದೆ. ಅತ್ತ ದರಿ, ಇತ್ತ ಪುಲಿ ಅನ್ನುವ ಹಾಗಾಯಿತು. ಶ್ಯಾಮಲಾ ಸೀನಿದರೆ ಬೆಚ್ಚಿಬೀಳುತ್ತಿದ್ದೆ. ಸ್ನಾನಕ್ಕೆ ಹೋದವಳು ತಡಮಾಡಿದರೆ ಬಾಗಿಲು ಬಡಿಯುತ್ತಿದ್ದೆ. "ಏನಾಗಿದೆ ಅಮ್ಮ ನಿನಗೆ?" ಅಂತ ರೇಗಿದಳು. ಬುಧವಾರ ಕಾಲೇಜಿಗೆ ಹೋಗಬೇಡ ಅಂದೆ. ಪರೀಕ್ಷೆ ಇದೆ ಅಂತ ಬ್ಯಾಗ್ ಏರಿಸಿಕೊಂಡು ಹೊರಟೇಬಿಟ್ಟಳು.

ಬೆಳಿಗ್ಗೆಯೇ ಪುಟ್ಟಿಯನ್ನು ಒಳಗೆ ಕರೆದುಕೊಂಡು ಹೋದರೆಂದು ಮಹೇಂದ್ರ ಹೇಳಿದ. ಮಧ್ಯಾಹ್ನ ಕಳೆಯಿತು, ಸುದ್ದಿಯಿಲ್ಲ. ನಾಲ್ಕು ಗಂಟೆಯ ಸುಮಾರಿಗೆ ಮಳೆ ಹಿಡಿಯಿತು. ಶ್ಯಾಮಲಾ ಬರುವ ಬಸ್ಸಿನ ಹೊತ್ತಾಯಿತು, ಬಸ್ಸು ಬಂತು, ಅವಳು ಬರಲಿಲ್ಲ. ಫೋನ್ ಮಾಡಿದರೆ ಸ್ವಿಚ್ ಆಫ್. ಮುಂದಿನ ಬಸ್ಸಿಗೆ ಬರಬಹುದು ಅಂದುಕೊಂಡೆ. ಮೈಸೂರು ರಸ್ತೆಯಲ್ಲಿ ಎಲ್ಲೋ ಗಾಡಿಗಳು ನಿಂತುಬಿಟ್ಟಿವೆಯಂತೆ ಅಂತ ಎದುರಿನ ಅಂಗಡಿಯವರು ಯಾರಿಗೋ ಹೇಳುತ್ತಿದ್ದದ್ದು ಕೇಳಿಸಿತು. ಯಾಕೆ ನಿಂತಿವೆಯೆಂದು ಕೇಳುವ ಧೈರ್ಯ ಬರಲಿಲ್ಲ. ಒಳಗೆ ಬಂದು ಕಂಪ್ಯೂಟರಿನ ಮುಂದೆ ಕೂತೆ. ಆ ಫೈಲಿನ ಮೇಲೆ ಬಾಣವಿಟ್ಟೆ. ಅಳಿಸಲೇ ಅಂತ ಕಂಪ್ಯೂಟರು ಕೇಳಿತು. ಹೌದು, ಬೇಡ. ನನ್ನ ಬೆರಳು ಹೌದಿನ ಮೇಲಿತ್ತು. ಅಪ್ಪಾ ದೇವರೇ, ಇನ್ನೊಬ್ಬರ ಮಗಳು ಏನಾದರೂ ಆಗಲಿ, ನನ್ನವಳನ್ನು ಕೊಡು ಅಂತ ಬಾಯಿಬಿಟ್ಟು ಹೇಳಿದೆ. ಹೇಳಿದ್ದು ನನ್ನ ಕಿವಿಗೇ ಬಿದ್ದು ನಾಚಿಕೆಯಾಯಿತು. ಆದರೂ ಬೆರಳು ತೆಗೆಯಲಿಲ್ಲ, ಒತ್ತಲೂ ಇಲ್ಲ.

ಆಗ ಫೋನ್ ಹೊಡೆದುಕೊಂಡಿತು. ಮಹೇಂದ್ರನ ನಂಬರು, ಮಾತಾಡಿದ್ದು ಕುಳ್ಳಮ್ಮ. ಅವರ ಮೊದಲ ಮಾತು ಪುಟ್ಟಿಯದಾಗಿರಲಿಲ್ಲ.

"ನಿನ್ ಮಗ್ಳು ಮನೇಗ್ ಬಂದ್ಲಾ?"

"ಇನ್ನೂ ಇಲ್ಲ ಅವ್ವಾ. ಫೋನೂ ಸಿಗ್ತಿಲ್ಲ."

ಆ ಕಡೆ ಉಸಿರು ಎಳೆದುಕೊಂಡ ಸದ್ದು. "ಅಯ್ಯೋ, ಬಿರ್ನೆ ಅಳಿಸ್ಬುಡವ್ವ! ನನ್ನವ್ಳು ಈಚೆ ಬಂದ್ಲು. ಗಾಜ್ನಿಂದಾಚ್ಗೆ ನಿಂತ್ಕಂಡು ಕೂಗ್ದೆ, ಕಣ್ ಬುಟ್ಟು ನೋಡುದ್ಲು. ನೋಡುದ್ಲು ಕಣವ್ವ, ನನ್ನೇ ನೋಡುದ್ಲು. ಅಳಿಸು, ಅಳಿಸ್ಬುಟ್ಟು ಓಗು, ನಿನ್ನವ್ಳ ಕರ್ಕಂಬಾ ಓಗು!"

ಒತ್ತಿದೆ. ಅಳಿಸಿತೋ ಇಲ್ಲವೋ ನೋಡಲೂ ನಿಲ್ಲಲಿಲ್ಲ. ಫೋನನ್ನು ಕೈಯಲ್ಲಿ ಹಿಡಿದುಕೊಂಡೇ, ಅಂಗಡಿಗೆ ಬೀಗ ಹಾಕದೆ, ಚಪ್ಪಲಿ ಮೆಟ್ಟದೆ ಮಳೆಯಲ್ಲಿ ಓಡಿದೆ. ಬಸ್ ಸ್ಟ್ಯಾಂಡಿನಲ್ಲಿ ಜನವೋ ಜನ. ಮಡಿಕೇರಿ ಕಡೆಯ ಬಸ್ಸೊಂದು ಹೊಗೆ ಬಿಡುತ್ತಾ ನಿಂತಿತ್ತು, ಅದರ ಹಿಂದೆ ಮೈಸೂರಿನದು ಒಳಗೆ ಬರುತ್ತಿತ್ತು. ಬಾಗಿಲು ತೆರೆಯಿತು. ಮುದುಕನೊಬ್ಬ ಇಳಿದ. ಚೀಲ ಹಿಡಿದ ಇಬ್ಬರು ಹೆಂಗಸರು ಇಳಿದರು. ಕ್ಯಾಂಪಿನ ಸನ್ಯಾಸಿಯೊಬ್ಬ ಇಳಿದ. ಆಮೇಲೆ ಯಾರೂ ಇಳಿಯಲಿಲ್ಲ.

ಕೊನೆಗೆ ಶ್ಯಾಮಲಾ, ಸೀಟಿನ ಕೆಳಗೆ ಬಿದ್ದ ಛತ್ರಿ ಹುಡುಕಿಕೊಂಡು, ಗೊಣಗುತ್ತಾ ಮೆಟ್ಟಿಲ ಮೇಲೆ ಕಾಣಿಸಿಕೊಂಡಳು. ನಾನು ಜನರನ್ನು ತಳ್ಳಿಕೊಂಡು ಹೋಗಿ ಅವಳ ತೋಳನ್ನು ಎರಡೂ ಕೈಯಿಂದ ಹಿಡಿದೆ. ಬೆಚ್ಚಗಿತ್ತು, ಒದ್ದೆಯಾಗಿತ್ತು. ಅವಳ ಮೈಯ ಆಚೆ ಏನೂ ಕಾಣಿಸುತ್ತಿರಲಿಲ್ಲ.

"ಅಮ್ಮಾ, ಮರ ಬಿದ್ದು ರಸ್ತೆ ನಿಂತಿತ್ತು, ಚಾರ್ಜ್ ಇರಲಿಲ್ಲ. ಯಾಕೆ ಹೀಗಾಡ್ತೀಯ? ಎಲ್ಲರೂ ನೋಡ್ತಿದಾರೆ, ಕೈ ಬಿಡು."

ನಾನು ಬಿಡಲಿಲ್ಲ. ಅಷ್ಟರಲ್ಲಿ ನನ್ನ ಮುಷ್ಟಿಯೊಳಗಿನ ಫೋನಿನಿಂದ ಸಣ್ಣ ಧ್ವನಿ ಬಂತು. ನಾನು ಕಟ್ ಮಾಡಿರಲಿಲ್ಲ, ಆ ಕಡೆಯವರೂ ಮಾಡಿರಲಿಲ್ಲ. ಆಪರೇಷನ್ ಆದ ಮಗಳನ್ನು ಗಾಜಿನ ಆಚೆ ಬಿಟ್ಟು, ಕುಳ್ಳಮ್ಮ ಇಷ್ಟು ಹೊತ್ತೂ ಕಿವಿಗೆ ಫೋನ್ ಹಚ್ಚಿಕೊಂಡು ನಿಂತಿದ್ದರು.

"ಬಂದ್ಲೇನವ್ವ? ಏ ವಾಣಿಸ್ರೀ, ಬಂದ್ಲಾ?"

"ಬಂದಳು ಅವ್ವಾ," ಅಂದೆ.

ಆಗ ಕುಳ್ಳಮ್ಮ ಅಳಲು ಶುರು ಮಾಡಿದರು.